ಒಡೆದದ್ದು ಪಿಸ್ಟನ್, ತಪ್ಪು ಪಂಪಿನದ್ದು

ಕೇಳುಗರಿಗೆ ನಮಸ್ಕಾರ.

‘ಅಣ್ಣ, ಸೂಪರ್‌ಚಾರ್ಜರ್ ಹಾಕಿದ್ರೆ ಎಷ್ಟು ಪವರ್ ಜಾಸ್ತಿ ಆಗುತ್ತೆ?’ ಮೈಸೂರಿನ ಗ್ಯಾರೇಜುಗಳಲ್ಲಿ ಕಾರಿನ ಹುಚ್ಚಿರುವ ಹುಡುಗರು ಮೊದಲು ಕೇಳುವುದೇ ಇದನ್ನು. ಆ ಪವರ್ ಅಳೆಯಲು ಹೋದಾಗ ಇಂಜಿನ್ ಯಾಕೆ ಒಡೆಯುತ್ತದೆ ಅಂತ ಕೇಳುವವರು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ಸೂಪರ್‌ಚಾರ್ಜರ್ ಅಂದರೆ ಇಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಗಾಳಿ ಪಂಪು. ನಮ್ಮ ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗಿಂತ ಇಲ್ಲಿ ಗಾಳಿ ತೆಳು, ಹಾಗಾಗಿ ಸಾಮಾನ್ಯ ಇಂಜಿನ್ನಿನ ಶಕ್ತಿಯೂ ಸ್ವಲ್ಪ ಕಡಿಮೆ. ಸೂಪರ್‌ಚಾರ್ಜರ್ ಆ ಕೊರತೆ ತುಂಬಿ, ಮೇಲೆ ಇನ್ನಷ್ಟು ಗಾಳಿ ತುರುಕುತ್ತದೆ. ಆದರೆ ಅದು ಪುಕ್ಕಟೆ ಅಲ್ಲ. ಅಮೆರಿಕದ ಕಾರು ಡಾಡ್ಜ್ ಹೆಲ್‌ಕ್ಯಾಟಿನ 2015ರ ಮಾಡೆಲ್ ಇಂಜಿನ್ನಿನದು 707 ಅಶ್ವಶಕ್ತಿ. ಪೂರ್ತಿ ವೇಗದಲ್ಲಿ ಅದರ ಸೂಪರ್‌ಚಾರ್ಜರ್ ತಿರುಗಿಸುವುದಕ್ಕೇ ಸುಮಾರು 80 ಅಶ್ವಶಕ್ತಿ ಬೇಕು. ನಮ್ಮ ಒಂದು ಸಣ್ಣ ಕಾರಿನ ಇಡೀ ಶಕ್ತಿ ಅಲ್ವಾ ಅದು? ಬೆಲ್ಟ್ ಜಾರಿದರೆ ಏರಬೇಕಾದ ಬೂಸ್ಟ್, ಅಂದರೆ ತುರುಕಿದ ಗಾಳಿಯ ಒತ್ತಡ, ಇಳಿಯುತ್ತದೆ, ಪುಲ್ಲಿಯ ಸುತ್ತ ಕರಿ ರಬ್ಬರ್ ಪುಡಿ ಕೂರುತ್ತದೆ. ಬೇರೆ ಬೆಲ್ಟ್ ಹಾಕಿ ಬಿಗಿ ಮಾಡಿದರೆ ಮುಗಿಯಿತು.

ದುಬಾರಿ ಆಗುವುದು ಶಾಖದ ವಿಷಯ. ಗಾಳಿಯನ್ನು ಒತ್ತಿದರೆ ಕಾಯುತ್ತದೆ. 30 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ತಂದರೆ ನೂರು ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸದಿದ್ದರೆ ಪೆಟ್ರೋಲ್ ಸಮವಾಗಿ ಉರಿಯುವುದಿಲ್ಲ, ಕೊನೆಯ ಭಾಗ ತಾನೇ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಪವರ್ ಅಳೆಯುವ ಯಂತ್ರವಾದ ಡೈನೋ ಮೇಲೆ ಫ್ಯಾನು, ಎಕ್ಸಾಸ್ಟು, ಸೂಪರ್‌ಚಾರ್ಜರಿನ ಕಿರುಚಾಟದ ನಡುವೆ ಅದು ಬರಿ ಕಿವಿಗೆ ಕೇಳುವುದು ಕಷ್ಟ. ಅದಕ್ಕೇ ಜೋರಾಗಿ ಓಡಿಸಿದ ಪ್ರತಿ ಸಲವೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಬೇಕು. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆಗಳಿದ್ದರೆ ಎಚ್ಚರ. ಅದರ ನಡುವೆ ಬೆಳ್ಳಿಯ ಹಾಗೆ ಮಿನುಗುವ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ. ಅವತ್ತಿನ ಟೆಸ್ಟ್ ಅಲ್ಲಿಗೇ ನಿಲ್ಲಿಸಿ. ಮುಂದುವರಿಸಿದರೆ ರಿಂಗ್ ಕೂರುವ ಅಂಚು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕನೆಕ್ಟಿಂಗ್ ರಾಡ್ ಬಾಗಿದರೂ ಬಾಗೀತು.

ಆಗ ಎಲ್ಲರೂ ಹೇಳುವ ಮಾತು ಒಂದೇ, ‘ಪಿಸ್ಟನ್ ಕಳಪೆ.’ ನಾನು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಎಷ್ಟೋ ಸಲ ತಪ್ಪು ಕಾರಿನೊಳಗೇ ಇರುವ, ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಫ್ಯುಯಲ್ ಪಂಪಿನದ್ದು. ಕಡಿಮೆ ವೇಗದಲ್ಲಿ ಅದು ಸಾಕಷ್ಟು ಪೆಟ್ರೋಲ್ ಕೊಡುತ್ತದೆ. ಇಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತಿನ ಹತ್ತಿರ ಬಂದಾಗ ಸೋಲುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಹನ್ನೆರಡು ಪಾಲು ಗಾಳಿ ಇರಬೇಕಾದ ಕಡೆ ಹದಿನಾಲ್ಕು ಆಗುತ್ತದೆ. ಶಾಖ ಏರಿ ನಾಕಿಂಗ್ ಶುರು. ಒಡೆದದ್ದು ಪಿಸ್ಟನ್, ಒಡೆಸಿದ್ದು ಪಂಪು.

ಆದ್ದರಿಂದ ಒಡೆದ ಪಿಸ್ಟನ್ನನ್ನು ಗುಜರಿಗೆ ಹಾಕುವ ಮೊದಲು ಪ್ಲಗ್ಗುಗಳನ್ನು ಸಿಲಿಂಡರ್ ನಂಬರಿನ ಪ್ರಕಾರ ಸಾಲಾಗಿ ಜೋಡಿಸಿಡಿ. ಒಂದೇ ಸಿಲಿಂಡರ್ ಹೋಗಿದ್ದರೆ ಅದಕ್ಕೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನೋಡಿ. ಎಲ್ಲದರಲ್ಲೂ ಅದೇ ಗುರುತು ಇದ್ದರೆ ಪಂಪು, ಫಿಲ್ಟರ್, ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) ನೋಡಿ. ಫ್ಯುಯಲ್ ಪ್ರೆಶರ್ ಎಲ್ಲಿ ಬಿತ್ತು ಅನ್ನುವುದು ಗೊತ್ತಾಗುವ ತನಕ ಹೊಸ ಪಿಸ್ಟನ್ ಹಾಕಬೇಡಿ.