ಬೋರು ಫೇಲಾದರೆ ನಷ್ಟ ಯಾರದು?

ಕೇಳುಗರಿಗೆ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯದ ಹೆಸರು ‘ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಚೀನಾದ ವಿದೇಶಿ ನೇರ ಹೂಡಿಕೆ’. ಹೆಸರು ಕೇಳಿಯೇ ಅರ್ಧ ಜನ ಸ್ಟೇಷನ್ ಬದಲಾಯಿಸಿರುತ್ತೀರಿ. ಉಳಿದವರು ದಯವಿಟ್ಟು ಹದಿನೈದು ನಿಮಿಷ ಕೂತುಕೊಳ್ಳಿ. ಬೇಕಾದರೆ ಸೊಪ್ಪು ಬಿಡಿಸುತ್ತಾ ಕೇಳಿ. ವಿಷಯ ಹೆಸರಿನಷ್ಟು ಕಷ್ಟದ್ದಲ್ಲ.

ಒಂದು ಬೋರ್‌ವೆಲ್‌ನಿಂದ ಶುರು ಮಾಡೋಣ.

ನಿಮಗೆ ಎರಡು ಎಕರೆ ಒಣಭೂಮಿ ಇದೆ ಅಂತ ಇಟ್ಟುಕೊಳ್ಳಿ. ಬೋರು ಕೊರೆಸಬೇಕು, ಕೈಯಲ್ಲಿ ದುಡ್ಡಿಲ್ಲ. ಪಕ್ಕದ ಊರಿನ ಸಾಹುಕಾರ ಬರುತ್ತಾನೆ. ಅವನು ಎರಡು ಥರ ಮಾತಾಡಬಹುದು. ‘ತಗೋ, ಮೂರು ಲಕ್ಷ ಸಾಲ ಕೊಡುತ್ತೇನೆ. ಬೋರು ಕೊರೆಸಿಕೋ. ಬಡ್ಡಿ ಸೇರಿಸಿ ವಾಪಸ್ ಕೊಡು’ ಅನ್ನಬಹುದು. ಇಲ್ಲವೇ, ‘ನೀನು ಜಾಗ ಕೊಡು, ಬೋರು ನಾನೇ ಕೊರೆಸುತ್ತೇನೆ. ನೀರು ಬಂದರೆ ಬೆಳೆಯಲ್ಲಿ ಪಾಲು ಕೊಡು’ ಅನ್ನಬಹುದು.

ಲಾರಿ ಬಂತು, ಕೊರೆಯಿತು. ಐನೂರು ಅಡಿ ಆಯಿತು, ಎಂಟುನೂರು ಅಡಿ ಆಯಿತು. ಬರೀ ಧೂಳು. ನೋಡಿದ್ದೀರಲ್ವಾ ಆ ಧೂಳನ್ನು? ಮೊದಲನೇ ಲೆಕ್ಕದಲ್ಲಿ ಆ ಮೂರು ಲಕ್ಷ ನಿಮ್ಮ ತಲೆ ಮೇಲೆ. ನೀರು ಬರಲಿ ಬಿಡಲಿ, ಕಂತು ಕಟ್ಟಬೇಕು. ಎರಡನೇ ಲೆಕ್ಕದಲ್ಲಿ ಮಣ್ಣುಪಾಲಾದದ್ದು ಸಾಹುಕಾರನ ದುಡ್ಡು. ಇನ್ನು ನೀರು ಬಂತು ಅನ್ನಿ. ಸಾಲ ಕೊಟ್ಟವನು ಸಾಲ ತೀರಿದ ದಿನ ಎದ್ದು ಹೋಗುತ್ತಾನೆ, ಬೋರು ನಿಮ್ಮದೇ. ಪಾಲುಗಾರ ಹಾಗೆ ಏಳುವುದಿಲ್ಲ. ಪ್ರತಿ ಸುಗ್ಗಿಗೂ ಬಂದು ಕಣದಲ್ಲಿ ಕೂರುತ್ತಾನೆ.

ಮೊದಲನೆಯದು ಸಾಲ. ಎರಡನೆಯದು ಹೂಡಿಕೆ. ಅರ್ಥಶಾಸ್ತ್ರದ ಮೇಷ್ಟ್ರಾಗಿ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದಕ್ಕಿಂತ ಸುಲಭವಾಗಿ ಹೇಳಲು ನನಗೆ ಬರುವುದಿಲ್ಲ. ಚೀನಾ ಆಫ್ರಿಕಾದಲ್ಲಿ, ಏಷ್ಯಾದಲ್ಲಿ, ದಕ್ಷಿಣ ಅಮೆರಿಕದಲ್ಲಿ ಎರಡನ್ನೂ ಮಾಡುತ್ತದೆ. ಒಂದು ಕಡೆ ಸಾಲ ಕೊಡುತ್ತದೆ, ಇನ್ನೊಂದು ಕಡೆ ಹೂಡುತ್ತದೆ. ನಮ್ಮ ಟಿವಿಯವರು ಎರಡನ್ನೂ ಒಂದೇ ಚೀಲಕ್ಕೆ ತುಂಬಿ ‘ಚೀನಾ ದುಡ್ಡು ಸುರಿಯುತ್ತಿದೆ’ ಅಂತ ಕೂಗಿ ಮುಗಿಸುತ್ತಾರೆ. ನನ್ನ ತಕರಾರು ಇಷ್ಟೇ. ದುಡ್ಡು ಬಂತು ಅಂದ ಕೂಡಲೇ ಒಂದೇ ಒಂದು ಪ್ರಶ್ನೆ ಕೇಳಿ. ಬೋರು ಫೇಲಾದರೆ ನಷ್ಟ ಯಾರದು?

ಇದಕ್ಕೆ ಒಂದು ಊರಿನ ಕಥೆ ಹೇಳುತ್ತೇನೆ.

2016 ರಲ್ಲಿ ನಾನು, ನಮ್ಮ ಮನೆಯವರು ಶ್ರೀಲಂಕಾಕ್ಕೆ ಹೋಗಿದ್ದೆವು. ಅವರಿಗೆ ಕತರಗಾಮದ ಸುಬ್ರಹ್ಮಣ್ಯನನ್ನು ನೋಡಬೇಕಿತ್ತು. ಕುಕ್ಕೆಗೆ ವರ್ಷಕ್ಕೊಮ್ಮೆ ಹೋಗುವವರು ಅವರು, ಸಮುದ್ರದಾಚೆಯ ಸುಬ್ರಹ್ಮಣ್ಯನನ್ನು ಬಿಡುತ್ತಾರೆಯೇ? ನನಗೆ ಮಾತ್ರ ದಾರಿಯಲ್ಲಿ ಸಿಗುವ ಹಂಬನ್‌ತೋಟ ನೋಡಬೇಕಿತ್ತು. ದೇವರ ನೆಪದಲ್ಲಿ ಬಂದರು ನೋಡಿದ ಹಾಗಾಯಿತು.

ಹಂಬನ್‌ತೋಟದಲ್ಲಿ ‘ತೋಟ’ ಅಂದರೆ ನಮ್ಮ ಅಡಿಕೆ ತೋಟ ಅಲ್ಲ. ಸಿಂಹಳದಲ್ಲಿ ದೋಣಿ ನಿಲ್ಲುವ ರೇವು. ಲಂಕೆಯ ದಕ್ಷಿಣದ ಕರಾವಳಿ. ಮಳೆ ಕಡಿಮೆ, ಉಪ್ಪಿನ ಗದ್ದೆಗಳು, ಕುರುಚಲು ಕಾಡು, ಆನೆ. ಆಗ ತಾನೇ ಅಧಿಕಾರ ಕಳೆದುಕೊಂಡಿದ್ದ ಮಹಿಂದ ರಾಜಪಕ್ಸೆ ಅವರ ಸ್ವಂತ ಜಿಲ್ಲೆ ಅದು. ಅವರು ಅಧ್ಯಕ್ಷರಾಗಿದ್ದಾಗ ಅಲ್ಲಿ ಬಂದರು ಬಂತು, ವಿಮಾನ ನಿಲ್ದಾಣ ಬಂತು, ಕ್ರಿಕೆಟ್ ಸ್ಟೇಡಿಯಂ ಬಂತು.

ರಸ್ತೆ ನೋಡಿ ನಾನು ದಂಗಾದೆ. ನಮ್ಮ ಹೆದ್ದಾರಿಗಿಂತ ಅಗಲ, ನುಣುಪು. ಆದರೆ ಗಾಡಿಗಳೇ ಇಲ್ಲ! ನಮ್ಮ ವ್ಯಾನ್ ಡ್ರೈವರ್ ಒಂದು ಕಡೆ ನಿಲ್ಲಿಸಿದ. ರಸ್ತೆ ಬದಿಯ ಅಂಗಡಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು. ಅದರ ಮೇಲೆ ಕಿತುಲ್ ಮರದ ಪಾಕ ಸುರಿದು ಕೊಡುತ್ತಾರೆ. ಕಿತುಲ್ ಅಂದರೆ ನಮ್ಮ ಬೈನೆ ಮರ. ಆಹಾ, ಆ ಮೊಸರಿನ ಬಗ್ಗೆಯೇ ಒಂದು ಭಾಷಣ ಮಾಡಬಹುದು, ಯಾರೂ ಕರೆಯುವುದಿಲ್ಲ.

ಮೊಸರು ತಿನ್ನುತ್ತಾ ನಾನು ವಿಮಾನ ನಿಲ್ದಾಣದ ಬಗ್ಗೆ ಕೇಳಿದೆ. ಡ್ರೈವರ್ ನಕ್ಕುಬಿಟ್ಟ. ‘ಮಹತ್ತಯಾ, ಅಲ್ಲಿ ವಿಮಾನಕ್ಕಿಂತ ನವಿಲೇ ಜಾಸ್ತಿ’ ಅಂದ. ಮಹತ್ತಯಾ ಅಂದರೆ ನಮ್ಮ ‘ಸ್ವಾಮಿ’ ಇದ್ದಂತೆ. ಅವನು ಹೇಳಿದ್ದು ಬರೀ ತಮಾಷೆ ಅಲ್ಲ. ಆ ಮತ್ತಲ ವಿಮಾನ ನಿಲ್ದಾಣ ಶುರುವಾದದ್ದು 2013 ರಲ್ಲಿ. ವರ್ಷಕ್ಕೆ ಹತ್ತು ಲಕ್ಷ ಪ್ರಯಾಣಿಕರಿಗೆ ಅಂತ ಕಟ್ಟಿದ್ದು. ಚೀನಾ ಸರ್ಕಾರದ್ದೇ ಆದ ಎಕ್ಸಿಮ್ ಬ್ಯಾಂಕ್ ಇದಕ್ಕೆ 19 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಕೊನೆಗೆ ವಿಮಾನ ಬರದೆ ಅಲ್ಲಿನ ಗೋದಾಮಿನಲ್ಲಿ ಭತ್ತ ತುಂಬಿಟ್ಟರು. ರನ್‌ವೇ ಹತ್ತಿರ ಬರುವ ಆನೆ, ಕಾಡೆಮ್ಮೆ, ಜಿಂಕೆಗಳನ್ನು ಓಡಿಸಲು ಸೈನಿಕರನ್ನೂ ಪೊಲೀಸರನ್ನೂ ಕಳಿಸಬೇಕಾಯಿತು.

ಬಂದರಿನ ಒಳಗೆ ನಮ್ಮನ್ನು ಬಿಡಲಿಲ್ಲ. ಹೊರಗಿನಿಂದಲೇ ನೋಡಿದೆವು. ಅದರ ಲೆಕ್ಕ ಹೇಳುತ್ತೇನೆ ಕೇಳಿ. ಮೊದಲ ಹಂತಕ್ಕೆ ಅದೇ ಎಕ್ಸಿಮ್ ಬ್ಯಾಂಕಿನಿಂದ 30.7 ಕೋಟಿ ಡಾಲರ್ ಸಾಲ, ಬಡ್ಡಿ ನೂರಕ್ಕೆ 6.3. ಕಟ್ಟಿದ್ದು ಚೀನಾದ ಕಂಪನಿಗಳೇ. 2010 ರ ನವೆಂಬರ್ 18 ರಂದು ಉದ್ಘಾಟನೆ. ಅವತ್ತು ಅಧ್ಯಕ್ಷರಿಗೆ ಅರವತ್ತೈದು ತುಂಬಿತ್ತು. ಹುಟ್ಟುಹಬ್ಬಕ್ಕೆ ಬಂದರು ಸಿದ್ಧವಾಗಲೇಬೇಕಿತ್ತು, ಆಯಿತು. ಆದರೆ ಬಂದರಿನ ಬಾಯಲ್ಲೇ ಒಂದು ಬಂಡೆ! ದೊಡ್ಡ ಹಡಗು ಒಳಗೆ ಬರುವ ಹಾಗಿಲ್ಲ. ಅದನ್ನು ಸಿಡಿಸಿ ತೆಗೆಯಲು ಮತ್ತೆ ಖರ್ಚು. 2012 ರಲ್ಲಿ ಇಡೀ ವರ್ಷಕ್ಕೆ ಅಲ್ಲಿಗೆ ಬಂದದ್ದು 34 ಹಡಗು. ಅದೇ ವರ್ಷ ಕೊಲಂಬೊಗೆ ಬಂದದ್ದು 3,667.

ನಮ್ಮ ಡ್ರೈವರ್‌ಗೆ ಈ ಅಂಕಿಅಂಶ ಗೊತ್ತಿರಲಿಲ್ಲ. ಆದರೆ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ವ್ಯಾನಿನ ಸ್ಟಿಯರಿಂಗ್ ತಟ್ಟಿ ಹೇಳಿದ. ‘ಇದು ಸಾಲದ ಗಾಡಿ ಮಹತ್ತಯಾ. ನಿಮ್ಮಂಥವರು ಬಂದರೂ ಕಂತು, ಬರದಿದ್ದರೂ ಕಂತು. ಅದಕ್ಕೂ ಅಷ್ಟೇ. ಹಡಗು ಬಂದರೂ ಕಂತು, ಬರದಿದ್ದರೂ ಕಂತು.’

ನಮ್ಮ ಮನೆಯವರು ನನ್ನನ್ನು ನೋಡಿದರು. ‘ನೀವು ಒಂದು ವರ್ಷ ಪಾಠ ಮಾಡುವುದನ್ನು ಇವರು ಒಂದು ನಿಮಿಷದಲ್ಲಿ ಹೇಳಿದರಲ್ಲ’ ಅಂದರು. ನಾನು ಮೊಸರು ಮುಗಿಸಿದೆ.

ಈಗ ಮುಖ್ಯವಾದ ಜಾಗಕ್ಕೆ ಬಂದೆ. ಇಲ್ಲಿ ಸ್ವಲ್ಪ ಸೊಪ್ಪು ಕೆಳಗಿಡಿ. ನಾವು ಹೋಗಿ ಬಂದ ಮರು ವರ್ಷ, 2017 ರಲ್ಲಿ, ಆ ಬಂದರನ್ನು ಶ್ರೀಲಂಕಾ ಸರ್ಕಾರ ಚೀನಾದ ‘ಚೈನಾ ಮರ್ಚಂಟ್ಸ್ ಪೋರ್ಟ್’ ಎಂಬ ಕಂಪನಿಗೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಮೊತ್ತ 112 ಕೋಟಿ ಡಾಲರ್. ಆಗ ನೀವೆಲ್ಲ ಏನು ಕೇಳಿದಿರಿ? ‘ಸಾಲ ತೀರಿಸಲಾಗಲಿಲ್ಲ, ಚೀನಾ ಬಂದರು ಜಪ್ತಿ ಮಾಡಿತು’ ಅಂತ. ಇವತ್ತಿಗೂ ಓದಿದವರೇ ಹೀಗೆ ಹೇಳುತ್ತಾರೆ. ಮದುವೆ ಮನೆಯಲ್ಲಿ, ರೈಲಿನಲ್ಲಿ, ಎಲ್ಲಾ ಕಡೆ. ನಾನು ತಿದ್ದಿ ತಿದ್ದಿ ಸಾಕಾಗಿ ಈಗ ಊಟ ಮಾಡಿ ಎದ್ದು ಬರುತ್ತೇನೆ.

ಜಪ್ತಿ ಆಗಿದ್ದರೆ ಸಾಲ ವಜಾ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಬಂದರು ಹೋಯಿತು, ಸಾಲ ಉಳಿಯಿತು. ಸಾಲ ಕೊಟ್ಟಿದ್ದು ಬ್ಯಾಂಕು, ಗುತ್ತಿಗೆ ಹಿಡಿದದ್ದು ಬೇರೆ ಕಂಪನಿ. ಆ 112 ಕೋಟಿ ಡಾಲರ್ ಹೋದದ್ದು ಬರಿದಾಗುತ್ತಿದ್ದ ವಿದೇಶಿ ಹಣದ ಖಜಾನೆಗೆ. ಶ್ರೀಲಂಕಾಕ್ಕೆ ಆಗ ಹೆಚ್ಚು ಕುತ್ತಿಗೆಗೆ ಬಂದಿದ್ದು ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್, ಅಂದರೆ ಸಾಲಪತ್ರ, ಮಾರಿ ಎತ್ತಿದ ಸಾಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬೋರಿಗೆ ಮಾಡಿದ ಸಾಲ ಹಾಗೇ ಇದೆ. ಅದೇ ಬೋರನ್ನು ಸಾಹುಕಾರನ ತಮ್ಮನಿಗೆ ಗುತ್ತಿಗೆ ಕೊಟ್ಟು, ಆ ದುಡ್ಡಿನಲ್ಲಿ ಬೇರೆ ಊರಿನ ಕೈಸಾಲಗಾರರನ್ನು ಸಮಾಧಾನ ಮಾಡಿದ ಹಾಗೆ. ಬೆಂಗಳೂರಿನವರು ಇದನ್ನು ಮನೆ ಭೋಗ್ಯಕ್ಕೆ ಹಾಕಿದ ಹಾಗೆ ಅಂದುಕೊಳ್ಳಬೇಡಿ. ಭೋಗ್ಯದಲ್ಲಿ ಕೊಟ್ಟ ದುಡ್ಡು ಕೊನೆಗೆ ವಾಪಸ್ ಕೊಡಬೇಕು. ಇಲ್ಲಿ ವಾಪಸ್ ಇಲ್ಲ, 99 ವರ್ಷ ಅವರೇ ನಡೆಸುತ್ತಾರೆ.

ಒಂದೇ ಬಂದರು ನೋಡಿ. 2017 ರವರೆಗೆ ಅದು ಸಾಲದ ಕಥೆ. ಆಮೇಲೆ ಹೂಡಿಕೆಯ ಕಥೆ. ಸಾಲದ ಕಾಲದಲ್ಲಿ ಹಡಗು ಬರದಿದ್ದರೆ ನಷ್ಟ ಲಂಕೆಯ ಜನರದ್ದು. ಬ್ಯಾಂಕಿಗೆ ಕಂತು ಬಂದರೆ ಸಾಕು, ಹಡಗು ಬಂತೋ ನವಿಲು ಬಂತೋ ಅದಕ್ಕೇನು? ಗುತ್ತಿಗೆಯಾದ ಮೇಲೆ ಹಡಗು ಬರದಿದ್ದರೆ ಕಂಪನಿಯ ದುಡ್ಡೂ ಮುಳುಗುತ್ತದೆ. ಹಾಗಾಗಿ ಕಂಪನಿ ಗಿರಾಕಿ ಹುಡುಕಿತು. ಕಾರು ಸಾಗಿಸುವ ಹಡಗುಗಳನ್ನು ಹಿಡಿಯಿತು. ಈಗ ಭಾರತದಲ್ಲಿ ತಯಾರಾದ ಕಾರುಗಳೂ ಅಲ್ಲಿ ಇಳಿದು, ಬೇರೆ ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತವೆ. ಇದರರ್ಥ ಚೀನಾ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. 2022 ರಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಅದೇ ಬಂದರಿಗೆ ಬಂದು ನಿಂತಾಗ ದೆಹಲಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಅದು ಬೇರೆ ಚಿಂತೆ. ದುಡ್ಡಿನ ವಿಷಯಕ್ಕೆ ಬಂದರೆ ನನ್ನದು ಮತ್ತೆ ಅದೇ ಪ್ರಶ್ನೆ. ಬೋರು ಫೇಲಾದರೆ ನಷ್ಟ ಯಾರದು?

ಗಡಿಯಾರ ನೋಡಿದರೆ ನಾಲ್ಕೇ ನಿಮಿಷ ಉಳಿದಿದೆ. ಮೊಸರು ಜಾಸ್ತಿ ಆಯಿತು. ಇಂಡೋನೇಷ್ಯಾಕ್ಕೆ ಓಡೋಣ.

ಅದಕ್ಕೂ ಮೊದಲು ಒಂದು ಸಲ ಬಳ್ಳಾರಿ ನೆನಪಿಸಿಕೊಳ್ಳಿ. 2008 ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಸಂಡೂರು, ಹೊಸಪೇಟೆ ಕಡೆ ಸಾಲು ಸಾಲು ಅದಿರು ಲಾರಿ. ಗಿಡ, ಮನೆ, ಜನ ಎಲ್ಲಾ ಕೆಂಪು. ಅದಿರು ಚೀನಾಕ್ಕೆ ಹೋಯಿತು. ಅದು ಸಾಲವೂ ಅಲ್ಲ, ಹೂಡಿಕೆಯೂ ಅಲ್ಲ. ಬರೀ ವ್ಯಾಪಾರ. ಮಣ್ಣು ಅಲ್ಲಿಗೆ ಹೋಯಿತು, ಕುಲುಮೆಯೂ ಅಲ್ಲೇ, ಕುಲುಮೆಯ ಕೆಲಸವೂ ಅಲ್ಲೇ. 2010 ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು.

ಇಂಡೋನೇಷ್ಯಾದವರ ಹತ್ತಿರ ನಿಕಲ್ ಅದಿರು ಇದೆ. ಸ್ಟೀಲ್ ಪಾತ್ರೆಗೂ ಬೇಕು, ಕರೆಂಟ್ ಗಾಡಿಯ ಬ್ಯಾಟರಿಗೂ ಬೇಕು. ಅವರು 2014 ರಲ್ಲಿ ಹಸಿ ಅದಿರಿನ ರಫ್ತು ತಡೆದರು. ನಡುವೆ ಸ್ವಲ್ಪ ಸಡಿಲ ಬಿಟ್ಟು, 2020 ರಿಂದ ಪೂರ್ತಿ ನಿಲ್ಲಿಸಿದರು. ‘ಅದಿರು ಬೇಕಾದರೆ ಕುಲುಮೆ ಹೊತ್ತುಕೊಂಡು ಇಲ್ಲಿಗೆ ಬನ್ನಿ’ ಎಂಬ ಲೆಕ್ಕ. ಚೀನಾದ ತ್ಸಿಂಗ್‌ಶಾನ್ ಕಂಪನಿ ಹೊತ್ತುಕೊಂಡು ಬಂತು. ಸುಲಾವೆಸಿ ದ್ವೀಪದ ಮೊರೊವಾಲಿಯಲ್ಲಿ ದೊಡ್ಡ ಕೈಗಾರಿಕಾ ಪಟ್ಟಣವೇ ಎದ್ದಿತು. ಇವತ್ತು ಜಗತ್ತಿನಲ್ಲಿ ಗಣಿಯಿಂದ ತೆಗೆಯುವ ನಿಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಡೋನೇಷ್ಯಾದ್ದು. ಇದು ಪಕ್ಕಾ ಹೂಡಿಕೆ. ನಿಕಲ್ ಬೆಲೆ ಬಿದ್ದರೆ ಕಂಪನಿಗೂ ಪೆಟ್ಟು.

ಆದರೆ ಪೆಟ್ಟು ಬೀಳುವುದು ದುಡ್ಡಿಗೆ ಮಾತ್ರವೇ? ಅದೇ ಮೊರೊವಾಲಿಯಲ್ಲಿ 2023 ರ ಡಿಸೆಂಬರ್ 24 ರಂದು ಒಂದು ಕುಲುಮೆಯಲ್ಲಿ ಬೆಂಕಿ ಬಿದ್ದು 21 ಕಾರ್ಮಿಕರು ಸತ್ತರು. ಇಂಡೋನೇಷ್ಯಾದವರೂ ಇದ್ದರು, ಚೀನಾದವರೂ ಇದ್ದರು. ಆಫ್ರಿಕಾದ ಝಾಂಬಿಯಾದಲ್ಲಿ 2025 ರ ಫೆಬ್ರವರಿಯಲ್ಲಿ ಚೀನಾದ ಒಂದು ತಾಮ್ರದ ಕಂಪನಿಯ ಆಮ್ಲದ ತ್ಯಾಜ್ಯ ತುಂಬಿದ್ದ ಕಟ್ಟೆ ಒಡೆದು ಕಾಫುಯೆ ನದಿಗೆ ಸೇರಿತು. ಮೀನು ಸತ್ತವು, ಬೆಳೆ ಸುಟ್ಟಿತು, ಕಿಟ್ವೆ ನಗರದಲ್ಲಿ ನಲ್ಲಿ ನೀರು ನಿಲ್ಲಿಸಿದರು. ಪಾಲಿಗೆ ಕರೆಯುವಾಗ ಬೆಳೆಯ ಪಾಲು ಎಷ್ಟು ಅಂತ ಎಲ್ಲರೂ ಬರೆಸಿಕೊಳ್ಳುತ್ತಾರೆ. ಬಾವಿಗೆ ವಿಷ ಬಿದ್ದರೆ ಯಾರು ಬಾಚಬೇಕು ಅಂತ ಬರೆಸಿಕೊಳ್ಳುವವರು ಕಡಿಮೆ. ಇದರ ಬಗ್ಗೆ ಇನ್ನೂ ಹೇಳುವುದಿತ್ತು.

ಫೋನಿನ ವಿಷಯ ಒಂದೇ ಮಾತಿನಲ್ಲಿ. ನಿಮ್ಮಲ್ಲಿ ಕೆಲವರ ಕೈಯಲ್ಲಿ ಐಟೆಲ್ ಫೋನ್ ಇರಬಹುದು, ಟೆಕ್ನೊ ಇರಬಹುದು. ಎರಡೂ ಚೀನಾದ ಶೆನ್‌ಜೆನ್‌ನ ಒಂದೇ ಕಂಪನಿಯವು. ಆಫ್ರಿಕಾದಲ್ಲಿ ಅತಿ ಹೆಚ್ಚು ಮಾರುವ ಫೋನು ಅವರದ್ದೇ. ಇಥಿಯೋಪಿಯಾದಲ್ಲೇ ಫೋನ್ ಜೋಡಿಸುವ ಕಾರ್ಖಾನೆ ಹಾಕಿ, ಅಲ್ಲಿನ ಅಮ್ಹಾರಿಕ್ ಲಿಪಿಯನ್ನೂ ಫೋನಿಗೆ ತಂದರು. ಚೀನಾ ಅಂದರೆ ಬರೀ ಸರ್ಕಾರ ಅಂದುಕೊಂಡವರು ಇದನ್ನು ನೆನಪಿಡಿ. ಹೀಗೆ ಅಂಗಡಿ ಹಾಕಿ ಗಿರಾಕಿ ಹಿಡಿಯಲು ಬಂದ ಖಾಸಗಿಯವರೂ ಬಹಳ ಇದ್ದಾರೆ. ಫೋನ್ ಮಾರಾಟ ಆಗದಿದ್ದರೆ ನಷ್ಟ ಯಾರದು? ಹೇಳಿ ನೋಡೋಣ. ಸರಿ, ಅವರದ್ದೇ.

ಗಾಜಿನಾಚೆ ಕೂತಿರುವ ತಮ್ಮ ಎರಡು ಬೆರಳು ತೋರಿಸುತ್ತಿದ್ದಾನೆ. ಎರಡು ನಿಮಿಷವೋ, ಎರಡೇ ವಾಕ್ಯವೋ ಗೊತ್ತಿಲ್ಲ. ನನಗೆ ಬಹಳ ಇಷ್ಟವಾದ ಒಂದು ರೈಲಿನ ಕಥೆ ಉಳಿದೇ ಹೋಯಿತು. ಝಾಂಬಿಯಾದಿಂದ ತಾಂಜಾನಿಯಾದ ಸಮುದ್ರದವರೆಗೆ 1,860 ಕಿಲೋಮೀಟರ್. ಚೀನಾ ತಾನೇ ಬಡದೇಶವಾಗಿದ್ದಾಗ, 1970 ರಿಂದ 75 ರವರೆಗೆ, ಬಡ್ಡಿಯಿಲ್ಲದ ಸಾಲ ಕೊಟ್ಟು ಕಟ್ಟಿದ ದಾರಿ. ಆಗ ಅದು ಸಾಲ. ಈಗ ಹಳಿ ಸವೆದು, ಇಂಜಿನ್ ಕೆಟ್ಟು, ರೈಲು ಕುಂಟುತ್ತಿದೆ. ಅದನ್ನು ದುರಸ್ತಿ ಮಾಡಿ ನಡೆಸುವ ಗುತ್ತಿಗೆ ಹಿಡಿದಿರುವುದು ಚೀನಾದ್ದೇ ಒಂದು ಕಂಪನಿ, ಈ ಸಲ ಹೂಡಿಕೆಯಾಗಿ. ಐವತ್ತು ವರ್ಷದಲ್ಲಿ ಅದೇ ಹಳಿಯ ಮೇಲೆ ಲೆಕ್ಕ ಹೇಗೆ ಬದಲಾಯಿತು ಅಂತ ಹೇಳಬೇಕಿತ್ತು. ಇನ್ನೊಂದು ಸಲ ಕರೆದರೆ ಅಲ್ಲಿಂದಲೇ ಶುರು ಮಾಡುತ್ತೇನೆ, ಮೊಸರಿನ ಸುದ್ದಿ ತೆಗೆಯುವುದಿಲ್ಲ. ನಮಸ್ಕಾರ.