ಮೊರದ ಮೇಲೆ ಮೂಡುವ ಅಕ್ಷರ

ಕೇಳುಗರಿಗೆ ನಮಸ್ಕಾರ.

ಬೇಲೂರು ಕಡೆಯ ನಮ್ಮ ಮನೆಯಲ್ಲಿ ಒಂದು ಹಳೆಯ ಮೊರ ಇದೆ. ಬೆಳಿಗ್ಗೆ ತಿಂಡಿ ಆದಮೇಲೆ ಅದರಲ್ಲಿ ರಾಗಿ ಹಿಟ್ಟು ತೆಳ್ಳಗೆ ಹರಡಿ ಮಗನ ಮುಂದಿಡುತ್ತೇನೆ. ಅವನಿಗೆ ಒಂಬತ್ತು ವರ್ಷ. ಮಾತು ಚುರುಕು, ಬಾಯಿಲೆಕ್ಕ ಇನ್ನೂ ಚುರುಕು. ಆದರೆ ಪುಸ್ತಕದಲ್ಲಿ 'ಪ' ಯಾವುದು, 'ವ' ಯಾವುದು ಅಂತ ಗಲಿಬಿಲಿ. ಒತ್ತಕ್ಷರ ಬಂದರಂತೂ ಓದು ಅಲ್ಲೇ ನಿಂತುಬಿಡುತ್ತಿತ್ತು. ಹಿಟ್ಟಿನ ಮೇಲೆ ಬೆರಳಾಡಿಸುತ್ತಾ, ಬಾಯಿಬಿಟ್ಟು ಹೇಳುತ್ತಾ ತಿದ್ದಿದರೆ ಅಕ್ಷರ ಕೈಗೆ ಹತ್ತುತ್ತದೆ. ತಪ್ಪಾಯಿತಾ? ಮೊರ ಒಮ್ಮೆ ಅಲ್ಲಾಡಿಸಿದರೆ ಸಾಕು. ಕೆಂಪು ಶಾಯಿಯ ಗೀಟು ಇಲ್ಲ, ಅಳುವೂ ಇಲ್ಲ.

ಇದು ನನಗೆ ಮೊದಲೇ ಹೊಳೆಯಲಿಲ್ಲ. ಮನೆಯಲ್ಲೇ ಕಲಿಸೋಣ ಎಂದು ತೀರ್ಮಾನಿಸಿದ ಹೊಸದರಲ್ಲಿ ಚಾರ್ಟು, ವರ್ಕ್‌ಬುಕ್ಕು, ಕಾರ್ಡುಗಳು ಅಂತ ಸಿಕ್ಕಿದ್ದನ್ನೆಲ್ಲ ತಂದೆ. ಅರ್ಧಕ್ಕೂ ಜಾಸ್ತಿ ಅಟ್ಟ ಸೇರಿದವು. ಮಗು ಹೇಗೆ ಕಲಿಯುತ್ತಾನೆ ಅಂತ ನೋಡದೆ ಸಾಮಾನು ತಂದಿದ್ದೆ. ಆಮೇಲೆ ಹದಿನೈದು ದಿನ ಪಾಠ ಬಿಟ್ಟು, ಸುಮ್ನೆ ಗಮನಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಎಲ್ಲಿ ತಡವರಿಸುತ್ತಾನೆ, ಯಾವಾಗ ಎದ್ದು ಓಡುತ್ತಾನೆ, ಯಾವುದನ್ನು ಮತ್ತೆ ಮತ್ತೆ ಕೇಳುತ್ತಾನೆ, ಎಲ್ಲವನ್ನೂ.

ಆ ನೋಟ್‌ಬುಕ್ಕು ಹಿಡಿದು ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತಿನ ತೊಂದರೆ ಮಾತ್ರವಲ್ಲ, ಕಲಿಕೆಯ ತೊಂದರೆಯನ್ನೂ ಪರೀಕ್ಷಿಸುತ್ತಾರೆ. ತೊಂದರೆ ಏನೆಂದು ತಿಳಿದ ಮೇಲೆ ಹುಡುಕಾಟ ಹಗುರಾಯಿತು. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಓದಿನ ಹಂತದ ಪ್ರಕಾರ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಪುಟಕ್ಕೆ ಒಂದೇ ಸಾಲಿರುವ ಕಥೆಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಳ್ಳುತ್ತೇನೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಕ್ಕೆ ಹೊಂದುವ ವಿಡಿಯೊಗಳಿವೆ. ಕಣ್ಣು ಕಾಣದ, ಅಚ್ಚಿನ ಪುಸ್ತಕ ಓದಲಾಗದ ಮಕ್ಕಳಿಗೆ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಇದೆ.

ಪಕ್ಕದ ಊರಿನ ಒಂದು ಹೆಣ್ಣುಮಗುವಿಗೆ ಇವು ಯಾವುವೂ ಹೊಂದಲಿಲ್ಲ. ಅವಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹತೋಟಿಗೆ ಸಿಗದ ಸ್ಥಿತಿ. ಕೈ ಹಿಡಿತಕ್ಕೆ ಬರುವುದಿಲ್ಲ, ಮಾತು ಅಸ್ಪಷ್ಟ. ಅವಳಮ್ಮ ಅಳಗುಳಿಮಣೆ ಮುಂದಿಟ್ಟು, ಒಂದೊಂದು ಗುಳಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಸಾಗುತ್ತಾರೆ. ಬೇಕಾದ ಗುಳಿ ಬಂದಾಗ ಮಗು ಕಣ್ಣು ಅಗಲಿಸುತ್ತಾಳೆ. ಅಮ್ಮ ಆ ಗುಳಿಯ ಹುಣಸೆಬೀಜ ತೆಗೆದು ಒಂದೊಂದೇ ಹಂಚುತ್ತಾರೆ. "ಅಕ್ಕಾ, ನೋಡಿ, ಅವಳು ಲೆಕ್ಕ ಹಾಕೇ ಆರಿಸ್ತಾಳೆ" ಅಂದರು. ನಾನು ಮೂರು ಆಟ ನೋಡಿದೆ. ನಿಜ, ಕೊನೆಯ ಬೀಜ ಎಲ್ಲಿ ಬೀಳುತ್ತದೆ ಅಂತ ಅವಳಿಗೆ ಮೊದಲೇ ಗೊತ್ತಿರುತ್ತದೆ.

ಇಂಥ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕಿದೆ. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿ ತೀವ್ರ ಮತ್ತು ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಇದನ್ನು ಕೊಟ್ಟಿದೆ. ನಿಮ್ಮ ತಾಲೂಕಿನ ಬಿ.ಆರ್.ಸಿ., ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ. ಶಿಕ್ಷಕರು ಯಾರು ಅಂತ ಕೇಳಿ. ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು ಅವರೇ. ಕೇಳಲು ಸಂಕೋಚ ಬೇಡ.

ಮುಂದೆ ಪರೀಕ್ಷೆ ಹೇಗೆ ಅನ್ನುವ ಭಯ ನನಗೂ ಇತ್ತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು. ಅದಕ್ಕೆ ನಮಗಿನ್ನೂ ಐದು ವರ್ಷ ಇದೆ. ಸದ್ಯಕ್ಕೆ ಮೊರದಲ್ಲಿ 'ಅಕ್ಕ', 'ಅಪ್ಪ', 'ಅಜ್ಜ' ನಡೆದಿದೆ. ನಿನ್ನೆ ಅವನೇ 'ಹಳ್ಳ' ಬರೆದು, ಅಲ್ಲಾಡಿಸಬೇಡಮ್ಮ, ಅಪ್ಪ ಬರಲಿ ಅಂದ.