ಹಬ್ಬದ ಉಡುಗೊರೆಯಲ್ಲಿ ದುಡ್ಡು ಎಲ್ಲಿ ಸೋರುತ್ತದೆ?

[ದೃಶ್ಯ: ಅಡುಗೆಮನೆ ಕಟ್ಟೆ. ಚಿಕ್ಕ ಡಿಜಿಟಲ್ ತಕ್ಕಡಿ. ಪಕ್ಕದಲ್ಲಿ ಕೆಂಪು ಬಣ್ಣದ, ಚಿನ್ನದ ಅಂಚಿನ ಖಾಲಿ ಸಿಹಿ ಡಬ್ಬ.]

ನಮಸ್ಕಾರ. ಈ ಡಬ್ಬ ನೋಡಿ. ಹೋದ ದೀಪಾವಳಿಗೆ ಇಂಥ 12 ಡಬ್ಬ ಸಿಹಿ ತಂದಿದ್ದೆ. ನೆಂಟರಿಗೆ, ಅಕ್ಕಪಕ್ಕದವರಿಗೆ, ಸ್ನೇಹಿತರಿಗೆ. ಮನೆಯಲ್ಲೂ ಒಂದು ಉಳಿಯಿತು. ಸಿಹಿ ಖಾಲಿಯಾದ ಮೇಲೆ ಬರೀ ಡಬ್ಬವನ್ನು ತಕ್ಕಡಿ ಮೇಲೆ ಇಟ್ಟೆ.

[ತಕ್ಕಡಿಯ ಅಂಕಿ ಹತ್ತಿರದಿಂದ: 110 ಗ್ರಾಂ]

ರಟ್ಟು, ಒಳಗೊಂದು ಹಾಳೆ, ಮೇಲೊಂದು ರಿಬ್ಬನ್. ಎಲ್ಲ ಸೇರಿ 110 ಗ್ರಾಂ. ಅಂಗಡಿಯಲ್ಲಿ ಡಬ್ಬ ಸಮೇತ ತೂಗಿದ್ದರು. ನಾನೂ ಎದುರಿಗೇ ನಿಂತು ನೋಡುತ್ತಿದ್ದೆ, ಏನೂ ಕೇಳಲಿಲ್ಲ. ಸಿಹಿ ಕೆಜಿಗೆ 800 ರೂಪಾಯಿ. ಅಂದರೆ ಒಂದೊಂದು ರಟ್ಟಿಗೆ 88 ರೂಪಾಯಿ ಕೊಟ್ಟ ಹಾಗಾಯಿತು. 12 ಡಬ್ಬಕ್ಕೆ ಲೆಕ್ಕ ಹಾಕಿ. 1,056 ರೂಪಾಯಿ.

ಅವತ್ತಿನಿಂದ ಒಂದು ವರ್ಷ ಪೂರ್ತಿ ಹಬ್ಬದ ಲೆಕ್ಕ ಬರೆದಿಟ್ಟೆ. ಅದರಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ನಮ್ಮ ದುಡ್ಡು ಜಾಸ್ತಿ ಹೋಗುತ್ತಿರುವುದು ಕೊಡುವ ವಸ್ತುವಿಗಲ್ಲ. ಅದರ ಡಬ್ಬಕ್ಕೆ, ಕೊನೆ ದಿನದ ಅವಸರಕ್ಕೆ, ಮತ್ತೆ "ಅವರು ಕೊಟ್ಟಿದ್ದಾರೆ, ನಾವೂ ಕೊಡಬೇಕಲ್ಲ" ಅನ್ನುವ ಮುಲಾಜಿಗೆ. ಇವತ್ತು ಈ ಮೂರರ ಬಗ್ಗೆ ಮಾತಾಡೋಣ.

ಮೊದಲು ಈ ಡಬ್ಬದ ವಿಷಯ ಮುಗಿಸುತ್ತೇನೆ. ಸಿಹಿಯ ತೂಕ ಅಂದರೆ ಸಿಹಿಯದ್ದು ಮಾತ್ರ. ಡಬ್ಬದ ತೂಕವನ್ನು ಅದರಲ್ಲಿ ಸೇರಿಸುವಂತಿಲ್ಲ. ತೂಕದ ಮೋಸ ನೋಡಿಕೊಳ್ಳುವುದಕ್ಕೇ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ಆದರೆ ಜಗಳದ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ. "ಅಣ್ಣಾ, ಖಾಲಿ ಡಬ್ಬ ಇಟ್ಟು ತಕ್ಕಡಿ ಸೊನ್ನೆ ಮಾಡಿ, ಆಮೇಲೆ ಸಿಹಿ ಹಾಕಿ" ಅಂದರೆ ಸಾಕು. ಈ ವರ್ಷ ನಾಲ್ಕು ಅಂಗಡಿಯಲ್ಲಿ ಹೀಗೆ ಕೇಳಿದೆ. ನಾಲ್ಕೂ ಕಡೆ ಮರುಮಾತಿಲ್ಲದೆ ಮಾಡಿಕೊಟ್ಟರು.

ಡ್ರೈಫ್ರೂಟ್ ಡಬ್ಬವೂ ಇದೇ ಜಾತಿ. ದೊಡ್ಡ ಟ್ರೇ, ನಾಲ್ಕು ಗೂಡು, ಮೇಲೆ ಹೊಳೆಯುವ ಹಾಳೆ. ತಿರುಗಿಸಿ ನಿವ್ವಳ ತೂಕ ಓದಿ. ಎಷ್ಟೋ ಸಲ ಒಟ್ಟು 400 ಗ್ರಾಂ ಇರುತ್ತದೆ, ಅದರಲ್ಲಿ ಕಾಲು ಭಾಗ ಒಣದ್ರಾಕ್ಷಿ. ಅದೇ ಬಾದಾಮಿ, ಗೋಡಂಬಿಯನ್ನು ಬಿಡಿಯಾಗಿ ತೂಗಿಸಿದರೆ ಎಷ್ಟಾಗುತ್ತದೆ ಅಂತ ಒಮ್ಮೆ ಅಲ್ಲೇ ಕೇಳಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಾದಾಮಿ, ಪಿಸ್ತಾದಂಥ ಡ್ರೈಫ್ರೂಟ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ, ಚಾಕೊಲೇಟ್ ಮೇಲಿನದು ಶೇ. 18ರಿಂದ 5ಕ್ಕೆ ಇಳಿದಿದೆ. ಬಿಲ್‌ನಲ್ಲಿ ಅದನ್ನೂ ನೋಡಿಕೊಳ್ಳಿ.

[ದೃಶ್ಯ: ಗೋಡೆಯ ಕ್ಯಾಲೆಂಡರ್. ಕೈ ಆಷಾಢ ಮಾಸದ ಮೇಲೆ ನಿಲ್ಲುತ್ತದೆ.]

ಈಗ ಅವಸರದ ವಿಷಯ. ನಮ್ಮ ಹಬ್ಬಗಳು ಹೇಗೆ ಬರುತ್ತವೆ ನೋಡಿ. ಶ್ರಾವಣದಲ್ಲಿ ನಾಗರ ಪಂಚಮಿ, ಮಂಗಳಗೌರಿ, ವರಮಹಾಲಕ್ಷ್ಮಿ. ಭಾದ್ರಪದದಲ್ಲಿ ಗೌರಿ-ಗಣೇಶ. ಆಮೇಲೆ ದಸರಾ. ಅದರ ಬೆನ್ನಿಗೇ ದೀಪಾವಳಿ. ಸರಿಸುಮಾರು ಮೂರು ತಿಂಗಳಲ್ಲಿ ವರ್ಷದ ಕೊಡುವ-ತರುವ ವ್ಯವಹಾರ ಹೆಚ್ಚುಕಮ್ಮಿ ಎಲ್ಲ ಮುಗಿಯುತ್ತದೆ. ಇದಕ್ಕೆ ಮುಂಚೆ ಬರುವ ತಿಂಗಳೇ ಆಷಾಢ.

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಟ್ಟೆ ಅಂಗಡಿಗೆ ವ್ಯಾಪಾರ ಕಮ್ಮಿ. ಅದಕ್ಕೇ ಊರ ತುಂಬ ಆಷಾಢ ಸೇಲ್ ಬೋರ್ಡು ಬೀಳುತ್ತದೆ. ಗೌರಿಗೆ ತಂಗಿಗೆ ಕೊಡುವ ಸೀರೆ, ದೀಪಾವಳಿಗೆ ಅಮ್ಮನಿಗೆ ಕೊಡುವ ಸೀರೆ, ತಾಂಬೂಲಕ್ಕೆ ಬೇಕಾಗುವ ರವಿಕೆ ಕಣ, ಮಕ್ಕಳ ಬಟ್ಟೆ, ಇವನ್ನೆಲ್ಲ ಆಗಲೇ ತಂದಿಡಬಹುದು. ಆಷಾಢದಲ್ಲಿ ಹೊಸ ಬಟ್ಟೆ ಬೇಡ ಅಂತ ಮನೆಯಲ್ಲಿ ಹಿರಿಯರು ಹೇಳಿದರೆ ಅವರ ಮಾತಿಗೂ ಬೆಲೆ ಕೊಡೋಣ. ತಂದು ಗಂಟು ಬಿಚ್ಚದೆ ಇಡಿ. ಕುಂಕುಮ ಇಟ್ಟು ಕೊಡುವುದು ಹೇಗೂ ಶ್ರಾವಣ ಬಂದ ಮೇಲೆ ತಾನೆ? ನಮ್ಮ ಅತ್ತೆಯವರು ಈ ಮಾತಿಗೆ ಒಪ್ಪಿದರು.

ಒಂದು ಎಚ್ಚರಿಕೆ. ಸೇಲ್ ಸೀರೆಯನ್ನು ಪೂರ್ತಿ ಬಿಚ್ಚಿಸಿ ನೋಡಿ. ತುಂಬಾ ದಿನ ಮಡಿಚಿಟ್ಟ ಸೀರೆ ಮಡಿಕೆಯ ಜಾಗದಲ್ಲೇ ಸವೆದಿರುತ್ತದೆ, ಜರಿ ಕಪ್ಪಾಗಿರುತ್ತದೆ. ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಬದಲಾಯಿಸಿ ಕೊಡುತ್ತಾರಾ ಇಲ್ಲವಾ ಅನ್ನುವುದನ್ನು ಬಾಯಿಮಾತಲ್ಲಿ ಬಿಡದೆ ಬಿಲ್ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಒಳ್ಳೆ ಸಮಯ ಅಕ್ಟೋಬರ್ 2ರ ಗಾಂಧಿ ಜಯಂತಿ. ಆ ಹೊತ್ತಿಗೆ ಖಾದಿ ಅಂಗಡಿಗಳಲ್ಲಿ ರಿಯಾಯಿತಿ ಶುರುವಾಗುತ್ತದೆ. ಅಪ್ಪ, ಮಾವ, ಚಿಕ್ಕಪ್ಪ ಇವರಿಗೆ ಏನು ಕೊಡುವುದು ಅಂತ ತಲೆ ಕೆಡಿಸಿಕೊಳ್ಳುವವರಿಗೆ ನಾನು ಹೇಳುವುದು ಖಾದಿ ಶರ್ಟ್ ಬಟ್ಟೆ, ಇಲ್ಲವೇ ಟವೆಲ್. ಟವೆಲ್ ಅಂದರೆ ಚಿಕ್ಕದಾಯಿತು ಅನ್ನಿಸಬಹುದು. ನಮ್ಮ ಮಾವ ಎರಡು ವರ್ಷದಿಂದ ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಾರೆ.

[ದೃಶ್ಯ: ಎರಡು ಬಿದಿರಿನ ಮೊರ. ಒಂದರಲ್ಲಿ ಅಂಗಡಿಯಿಂದ ತಂದ ಬಾಗಿನದ ಸೆಟ್. ಇನ್ನೊಂದು ಖಾಲಿ.]

ಈಗ ಗೌರಿ ಬಾಗಿನ. ಇದರ ಮುಂದೆ ಸ್ವಲ್ಪ ನಿಧಾನವಾಗಿ ಕೂರೋಣ.

ಈ ಕಡೆ ಇರುವುದು ಗ್ರಂಥಿಗೆ ಅಂಗಡಿಯ ರೆಡಿಮೇಡ್ ಸೆಟ್. ಒಂದೊಂದೇ ತೆಗೆಯುತ್ತೇನೆ. ಬಿಚ್ಚೋಲೆ, ಕರಿಮಣಿ, ಪುಟ್ಟ ಕನ್ನಡಿ. ಮುಖ ನೋಡಿಕೊಳ್ಳೋಣ ಅಂದರೆ ಕಣ್ಣೊಂದೇ ಕಾಣುತ್ತದೆ. ಬಾಚಣಿಗೆ ಬಾಗಿಸಿದರೆ ಹಲ್ಲು ಮುರಿಯುತ್ತದೆ. ಬಳೆ ಕೈಗೆ ಹತ್ತುವುದಿಲ್ಲ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲ ಎಲ್ಲ ಒಂದೊಂದು ಹಿಡಿಯ ಪೊಟ್ಟಣ. ಇದನ್ನು ಪಡೆದವರು ಏನು ಮಾಡುತ್ತಾರೆ? ಬೇಳೆ ಡಬ್ಬಿಗೆ ಸೇರಿಸುತ್ತಾರೆ, ಉಳಿದದ್ದು ದೇವರ ಮನೆ ಮೂಲೆಯ ಚೀಲಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅಂಥ ಒಂದು ಚೀಲ ತುಂಬಿಹೋಗಿತ್ತು.

ಇನ್ನೊಂದು ಮೊರ ನಾನೇ ತುಂಬುತ್ತೇನೆ. ಅರಿಶಿನ, ಕುಂಕುಮ, ಬಿಚ್ಚೋಲೆ, ಕರಿಮಣಿ. ಇವು ಶಾಸ್ತ್ರ, ಇರಲೇಬೇಕು. ಬೆಂಗಳೂರಿನ ಚಿಕ್ಕಪೇಟೆ ಇರಲಿ, ಮೈಸೂರಿನ ದೇವರಾಜ ಮಾರುಕಟ್ಟೆ ಇರಲಿ, ಇವು ಡಜನ್ ಲೆಕ್ಕದಲ್ಲಿ ಸಿಗುತ್ತವೆ. ನಾಲ್ಕು ಮನೆಯವರು ಸೇರಿ ತಂದು ಹಂಚಿಕೊಂಡರೆ ಒಂದು ಸೆಟ್‌ಗೆ ಬೀಳುವ ದುಡ್ಡು ತೀರಾ ಕಮ್ಮಿ. ಬಳೆಯನ್ನು ಅವರ ಕೈ ಅಳತೆ ಕೇಳಿ ತರುತ್ತೇನೆ. ಬಾಚಣಿಗೆ ನಾನು ದಿನಾ ತಲೆ ಬಾಚುವಂಥದ್ದೇ. ಧಾನ್ಯ ಮಾತ್ರ ಬೇರೆ ಅಂಗಡಿಯಿಂದ ಬೇಡ. ಆ ತಿಂಗಳು ಮನೆಗೆ ದಿನಸಿ ತರುವಾಗ ಅರ್ಧರ್ಧ ಕೆಜಿ ಜಾಸ್ತಿ ತರುತ್ತೇನೆ. ಅರ್ಧ ಕೆಜಿ ತೊಗರಿಬೇಳೆ ಕೊಟ್ಟರೆ ಅವರ ಮನೆಯಲ್ಲಿ ನಾಲ್ಕು ದಿನ ಸಾರಾಗುತ್ತದೆ. ಅಲ್ವಾ?

ಒಂದು ಮಾತು ಹೇಳಲೇಬೇಕು. ಉಳಿತಾಯ ಅಂತ ತವರಿನ ಬಾಗಿನಕ್ಕೆ ಕತ್ತರಿ ಹಾಕಬೇಡಿ. ನನಗೆ ಮದುವೆಯಾಗಿ 16 ವರ್ಷ. ಅಣ್ಣ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಒಂದು ಕವರಿನಲ್ಲಿ ದುಡ್ಡು ಇಟ್ಟು ಕಳಿಸುತ್ತಾನೆ. ಕೆಲವು ವರ್ಷ 501, ಕೈ ಬಿಗಿಯಿದ್ದ ವರ್ಷ 101. ಯಾವ ವರ್ಷ ಎಷ್ಟು ಬಂತು ಅಂತ ನನಗೆ ನೆನಪಿರುವುದು 101 ಬಂದ ವರ್ಷದ್ದು ಮಾತ್ರ. ಅಷ್ಟು ಕಷ್ಟದಲ್ಲೂ ಮರೆಯಲಿಲ್ಲವಲ್ಲ ಅಂತ. ಉತ್ತರ ಕರ್ನಾಟಕದ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸುತ್ತಾರೆ, ಉಂಡಿ ಕಟ್ಟಿ ಕೊಡುತ್ತಾರೆ. ಅಲ್ಲೂ ಇದೇ ಮಾತು. ಉಂಡಿ ಎಣಿಕೆ ಕಮ್ಮಿಯಾದರೆ ಪರವಾಗಿಲ್ಲ, ಕರೆಯುವುದು ತಪ್ಪಬಾರದು.

ಮನೆಗೆಲಸಕ್ಕೆ ಬರುವವರ, ಕಸ ಒಯ್ಯುವವರ ಹಬ್ಬದ ದುಡ್ಡಿಗೂ ಕೈ ಹಾಕಬೇಡಿ. ಅವರಿಗೆ ಯಾರೋ ಕೊಟ್ಟ ಸಿಹಿ ಡಬ್ಬ ದಾಟಿಸುವುದು ಬೇಡ. ದುಡ್ಡೇ ಕೊಡಿ, ಹಬ್ಬಕ್ಕೆ ವಾರ ಮುಂಚೆ ಕೊಡಿ. ಅವರ ಮನೆಯಲ್ಲೂ ಹಬ್ಬದ ಸಾಮಾನು ತರಬೇಕಲ್ಲ.

[ದೃಶ್ಯ: ಫೋನ್ ಕೈಯಲ್ಲಿ. ಪಕ್ಕದಲ್ಲಿ ಮಡಿಚಿಟ್ಟ ಎರಡು ಸೀರೆ.]

ಹಾಗಾದರೆ ಕಡಿಮೆ ಮಾಡುವುದು ಎಲ್ಲಿ? ಮುಲಾಜಿನ ಉಡುಗೊರೆಯಲ್ಲಿ. ನಮ್ಮ ಅತ್ತಿಗೆ ನನಗೆ ದೀಪಾವಳಿಗೆ ಸೀರೆ ಕೊಡುತ್ತಿದ್ದರು. ನಾನು ಅವರಿಗೆ ಕೊಡುತ್ತಿದ್ದೆ. ಎಷ್ಟೋ ವರ್ಷ ಹೀಗೇ ನಡೆಯಿತು. ಈ ವರ್ಷ ಧೈರ್ಯ ಮಾಡಿ ಫೋನ್ ಮಾಡಿದೆ.

"ಅತ್ತಿಗೆ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಹೇಳೇ."

"ದೀಪಾವಳಿ ಸೀರೆ ಈ ಸಲ ಇಬ್ಬರೂ ಬಿಡೋಣ್ವಾ? ನೀವು ಕೊಟ್ಟ ಎರಡು ಸೀರೆಗೆ ಇನ್ನೂ ಫಾಲ್ ಹಾಕಿಸಿಲ್ಲ ನಾನು."

"ಅಯ್ಯೋ, ನಾನೂ ಅದನ್ನೇ ಹೇಳೋಣ ಅಂತಿದ್ದೆ ಕಣೇ. ನಾನಾಗಿ ಹೇಳಿದ್ರೆ ತವರಿನವರು ಕೈ ಬಿಟ್ರು ಅಂದ್ಕೋತೀಯೇನೋ ಅಂತ ಸುಮ್ಮನಿದ್ದೆ."

ಆ ಒಂದು ಫೋನಿನಿಂದ ಎರಡು ಮನೆಗೂ ಒಂದೊಂದು ಸೀರೆಯ ದುಡ್ಡು ಉಳಿಯಿತು. ಇಂಥ ಮಾತನ್ನು ಹಬ್ಬದ ಹಿಂದಿನ ದಿನ ಆಡಬೇಡಿ. ಅಷ್ಟು ಹೊತ್ತಿಗೆ ಅವರು ತಂದಿಟ್ಟಿರುತ್ತಾರೆ. ಎರಡು ತಿಂಗಳು ಮುಂಚೆ ಆಡಿ. "ನೀವು ತರಬೇಡಿ" ಅನ್ನುವುದಕ್ಕಿಂತ "ಇಬ್ಬರೂ ಬಿಡೋಣ" ಅನ್ನಿ. ಮನಸ್ಸಿಗೆ ನೋವಾಗುವುದಿಲ್ಲ.

ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳೆಲ್ಲ ಸೇರುವ ದೊಡ್ಡ ಮನೆತನವಾದರೆ ಚೀಟಿ ಎತ್ತಿಸಿ. ಎಲ್ಲರ ಹೆಸರು ಬರೆದು ಪಾತ್ರೆಯಲ್ಲಿ ಹಾಕಿ. ಯಾರ ಹೆಸರು ಬರುತ್ತದೋ ಅವರಿಗೊಂದೇ ಉಡುಗೊರೆ, 500 ರೂಪಾಯಿ ಮೀರಬಾರದು. 14 ಜನಕ್ಕೆ ತರುವ ಕಡೆ ಒಬ್ಬರಿಗೆ ತಂದರೆ ಸಾಕು. ಒಬ್ಬರಿಗೇ ಅಂದಾಗ ಅವರಿಗೆ ಏನಿಷ್ಟ ಅಂತ ಯೋಚಿಸುವುದಕ್ಕೂ ಪುರುಸೊತ್ತು ಸಿಗುತ್ತದೆ. ಚಿಕ್ಕ ಮಕ್ಕಳಿಗಾದರೆ ಚನ್ನಪಟ್ಟಣದ ಗೊಂಬೆ. ಆಲೆಮರದಲ್ಲಿ ಮಾಡಿ ಅರಗಿನ ಬಣ್ಣ ಹಾಕಿರುತ್ತಾರೆ. ಬೆಂಗಳೂರು-ಮೈಸೂರು ಹಳೆ ರಸ್ತೆಯಲ್ಲಿ ಹೋಗುವಾಗ ಇಳಿದು ಮಾಡುವವರ ಹತ್ತಿರವೇ ತಂದಿಡಿ. ಓದುವ ಮಕ್ಕಳಿಗೆ ಪುಸ್ತಕ. ನವೆಂಬರ್‌ನಲ್ಲಿ, ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುತ್ತದೆ.

[ದೃಶ್ಯ: ಹಳದಿ ಬಣ್ಣದ ಚೀಟಿ ಕಾರ್ಡು. ತಿಂಗಳು ತಿಂಗಳು ಸಹಿ.]

ಹಬ್ಬದ ಚೀಟಿ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ತಿಂಗಳಿಗೆ 500 ಕಟ್ಟಿ, ದೀಪಾವಳಿಗೆ ಪಟಾಕಿ, ಸಿಹಿ, ಎಣ್ಣೆ, ಬೆಳ್ಳಿ ನಾಣ್ಯ ಕೊಡುತ್ತೇವೆ ಅನ್ನುವ ಚೀಟಿ. ನಮ್ಮ ಬೀದಿಯಲ್ಲಿ ಒಬ್ಬರು ನಡೆಸುತ್ತಿದ್ದರು. ಹಬ್ಬಕ್ಕೆ ಹತ್ತು ದಿನ ಇರುವಾಗ ಮನೆಗೆ ಬೀಗ. ಹೂ ಕಟ್ಟಿ ಮಾರುವ ಹೆಂಗಸೊಬ್ಬರು ಎರಡು ಕಾರ್ಡು ಕಟ್ಟಿದ್ದರು. ಎರಡು ಮಕ್ಕಳಿಗೆ ಬಟ್ಟೆಗಾಗುತ್ತದೆ ಅಂತ. ಆ ಕಾರ್ಡು ಹಿಡಿದುಕೊಂಡು ಅವರು ಗೇಟಿನ ಹತ್ತಿರ ನಿಂತಿದ್ದನ್ನು ನೋಡಿದ್ದೇನೆ.

ಚೀಟಿ ನಡೆಸಲು 1982ರ ಚಿಟ್ ಫಂಡ್ ಕಾಯ್ದೆ ಇದೆ, ನೋಂದಣಿ ಬೇಕು. ಕಾಗದ ತೋರಿಸದವರಿಗೆ ದುಡ್ಡು ಕಟ್ಟಬೇಡಿ. ಅದೇ 500 ರೂಪಾಯಿಯನ್ನು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡಿ. ಹೋದ ದೀಪಾವಳಿ ಮುಗಿದ ತಿಂಗಳಿಂದಲೇ ಶುರು ಮಾಡಿದರೆ ಈ ಹಬ್ಬಕ್ಕೆ 6,000 ರೂಪಾಯಿ, ಮೇಲೆ ಬಡ್ಡಿ. ಬೇಕಾದ್ದನ್ನು ನೀವೇ ಆರಿಸಿ ತರಬಹುದು.

ಇಎಂಐ ಬಗ್ಗೆ ಒಂದೇ ಮಾತು. ನೋ ಕಾಸ್ಟ್ ಅಂತ ಬರೆದಿದ್ದರೂ ಬ್ಯಾಂಕು ಬಡ್ಡಿ ಹಾಕಿರುತ್ತದೆ. ಅಷ್ಟನ್ನು ರಿಯಾಯಿತಿ ಅಂತ ಬೆಲೆಯಲ್ಲಿ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತದೆ. ಹಲವು ಕಡೆ ಪ್ರೊಸೆಸಿಂಗ್ ಶುಲ್ಕವೂ ಇರುತ್ತದೆ. ಉಡುಗೊರೆಗೆ ಸಾಲ ಬೇಡ.

ಬೆಳ್ಳಿ ಕೊಡುವವರಿಗೂ ಒಂದು ವಿಷಯ. ಕುಂಕುಮ ಭರಣಿ, ದೀಪ, ತಟ್ಟೆ ಅಂತ ಈಗ ಜರ್ಮನ್ ಸಿಲ್ವರ್ ತುಂಬಾ ಓಡುತ್ತಿದೆ. ಹೆಸರಲ್ಲಿ ಬೆಳ್ಳಿ ಇದೆ, ಒಳಗಿರುವುದು ತಾಮ್ರ, ನಿಕ್ಕಲ್, ಸತು. ಒಂದು ಗುಲಗಂಜಿ ಬೆಳ್ಳಿಯೂ ಇಲ್ಲ. ನೋಡಲು ಚೆಂದ ಅಂತ ತಂದರೆ ತಪ್ಪಿಲ್ಲ, ಆದರೆ ಬೆಳ್ಳಿ ಅಂತ ನಂಬಿ ಜಾಸ್ತಿ ಕೊಡಬೇಡಿ. ನನಗೆ ಕೇಳಿದರೆ ಅದರ ಬದಲು ಸ್ಟೀಲ್ ಡಬ್ಬಿ ಕೊಡಿ ಅನ್ನುತ್ತೇನೆ.

[ದೃಶ್ಯ: ಆರು ಚಿಕ್ಕ ಸ್ಟೀಲ್ ಡಬ್ಬಿಗಳು. ಒಂದರ ಮುಚ್ಚಳ ತೆರೆದು ರವೆ ಉಂಡೆ ಜೋಡಿಸುವ ಕೈ.]

ಈ ದೀಪಾವಳಿಗೆ ರಟ್ಟಿನ ಡಬ್ಬ ಇಲ್ಲ. ಪಾತ್ರೆ ಅಂಗಡಿಯಲ್ಲಿ ಇಂಥ ಆರು ಡಬ್ಬಿ ತಂದೆ. ತಳದಲ್ಲಿ ನಮ್ಮ ಮನೆ ಹೆಸರು ಕೊರೆದು ಕೊಟ್ಟರು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ರವೆ ಉಂಡೆ, ಚಕ್ಕುಲಿ ಮನೆಯಲ್ಲೇ ಮಾಡುತ್ತೇವೆ. ಒಬ್ಬರೇ ಕೂತು ಸ್ವಲ್ಪವೇ ಮಾಡಿದರೆ ಉಳಿತಾಯ ಏನೂ ಇಲ್ಲ, ಕಾಯಿಸಿದ ಎಣ್ಣೆಯೇ ದಂಡ. ನಾನು, ಕೆಳಗಿನ ಮನೆ ಆಂಟಿ, ಎದುರು ಮನೆ ಅಕ್ಕ ಮೂವರೂ ಸೇರಿ ಒಂದೇ ಬಾಣಲೆಯಲ್ಲಿ ಮೂರು ಮನೆಗೆ ಕರಿಯುತ್ತೇವೆ. ಪೇಡದಂಥ ಹಾಲಿನ ಸಿಹಿ ಬೇಗ ಕೆಡುತ್ತದೆ. ಇವು ವಾರಕ್ಕೂ ಜಾಸ್ತಿ ಇರುತ್ತವೆ, ಹಾಗಾಗಿ ಹಬ್ಬಕ್ಕೆ ಐದು ದಿನ ಮುಂಚೆಯೇ ಮುಗಿಸಬಹುದು.

ಡಬ್ಬಿ ವಾಪಸ್ ಬರುತ್ತದಾ ಅಂತ ನಮ್ಮ ಮಗಳು ಕೇಳಿದಳು. ಪಾತ್ರೆಯನ್ನು ಖಾಲಿ ಕಳಿಸಬಾರದು ಅಂತ ನಮ್ಮಲ್ಲಿ ಇದೆಯಲ್ಲ. ಹೋದ ವಾರ ಪರೀಕ್ಷೆಗೆ ಅಂತ ಕೆಳಗಿನ ಮನೆಗೆ ಒಂದು ಡಬ್ಬಿ ಕಳಿಸಿದೆ. ಮೂರನೇ ದಿನ ಬಂತು.

[ದೃಶ್ಯ: ಮುಚ್ಚಳ ತೆರೆಯುತ್ತದೆ. ಒಳಗೆ ನಿಪ್ಪಟ್ಟು.]